ಮೊದಲು ಕಣ್ಣು ಕಳೆದುಕೊಂಡು ಬನ್ನಿ

ನಮ್ಮ ಆದಾಯ ತೆರಿಗೆ ಕಾನೂನಿಗೆ ಕಣ್ಣು ಕಳೆದುಕೊಂಡವರ ಮೇಲೆ ಭಾರಿ ಕರುಣೆ. ಹಳೇ ಪದ್ಧತಿಯಲ್ಲಿ ರಿಟರ್ನ್ಸ್ ಹಾಕುತ್ತಾ ಬಂದವರಿಗೆ 1961ರ ಕಾಯ್ದೆಯ 80ಯು ಅನ್ನೋ ಸೆಕ್ಷನ್ ಗೊತ್ತಿರುತ್ತದೆ. ಶೇ. 40ರಷ್ಟು ಅಂಗವೈಕಲ್ಯ ಅಂತ ಸರ್ಟಿಫಿಕೇಟ್ ತಂದರೆ 75,000 ರೂಪಾಯಿ ವಿನಾಯ್ತಿ. ಶೇ. 80 ಮುಟ್ಟಿದರೆ 1,25,000. ಒಳ್ಳೆಯದೇ, ಬೇಡ ಅನ್ನೋರು ಯಾರು? ಆದರೆ ಅಷ್ಟು ದೂರ ಹೋಗದೆ ಇರೋಕೆ ಅಂತ ಗ್ಲಾಕೋಮಾ ಅನ್ನೋ ಕಣ್ಣಿನ ಕಾಯಿಲೆಗೆ ತಿಂಗಳು ತಿಂಗಳು ಡ್ರಾಪ್ಸ್ ತಗೊಂಡ ಬಿಲ್ ಇದೆ ಸಾರ್, ಇದಕ್ಕೇನಾದರೂ ಇದೆಯಾ ಅಂದರೆ ಆಡಿಟರ್ ನಿಮ್ಮ ಮುಖ ನೋಡಿ ನಗುತ್ತಾರೆ. ದೊಡ್ಡ ಕಾಯಿಲೆಗಳಿಗೆ ಅಂತಲೇ 80ಡಿಡಿಬಿ ಇದೆ. ಅದರ ಪಟ್ಟಿಯಲ್ಲಿ ಕ್ಯಾನ್ಸರ್ ಇದೆ, ಕಿಡ್ನಿ ವೈಫಲ್ಯ ಇದೆ, ಪಾರ್ಕಿನ್ಸನ್ಸ್ ಇದೆ. ಗ್ಲಾಕೋಮಾ ಇಲ್ಲ. ಅರವತ್ತು ದಾಟಿದ್ದು, ಇನ್ಶೂರೆನ್ಸ್ ಮಾಡಿಸದೇ ಇದ್ದರೆ 80ಡಿ ಅಡಿಯಲ್ಲಿ ಔಷಧಿ ಖರ್ಚು ತೋರಿಸಬಹುದು. ಅಂದರೆ ಮುಂದಾಲೋಚನೆ ಮಾಡಿ ಇನ್ಶೂರೆನ್ಸ್ ತಗೊಂಡಿದ್ದೇ ತಪ್ಪು.

ಸರಿ, ಆ ಇನ್ಶೂರೆನ್ಸ್‌ನಾದರೂ ಕೇಳೋಣ ಅಂದರೆ ಅವರು ಹೇಳೋದು ಒಂದೇ ಮಾತು: ಅಡ್ಮಿಟ್ ಆಗಿದ್ರಾ? ರಾತ್ರಿ ಮಲಗೋ ಮುಂಚೆ ಒಂದು ಹನಿ ಹಾಕಿಕೊಳ್ಳೋಕೆ ಯಾರಾದರೂ ಅಡ್ಮಿಟ್ ಆಗ್ತಾರಾ? ಆಯುಷ್ಮಾನ್ ಕಾರ್ಡಿಂದೂ ಇದೇ ಕಥೆ. ಕಣ್ಣಿನೊಳಗಿನ ಒತ್ತಡ ಇಳಿಯದೆ ಆಪರೇಷನ್ ಮಟ್ಟಕ್ಕೆ ಬಂದರೆ ಕಾರ್ಡ್ ನಡೆಯುತ್ತದೆ, ಆಪರೇಷನ್ ಬೇಡ ಅಂತ ಹಾಕಿಕೊಳ್ಳೋ ಡ್ರಾಪ್ಸ್‌ಗೆ ನಡೆಯಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಗಾದೆ ಇದೆಯಲ್ಲ, ಇಲ್ಲಿ ಬಾಗಿಲಿಗೆ ಮಂಜೂರಾತಿ ಬೇಕು ಅಂದ್ರೆ ಕೊಳ್ಳೆಯಾಗಿದ್ದಕ್ಕೆ ಸರ್ಟಿಫಿಕೇಟ್ ತರಬೇಕು.

ಈ ಕಾಯಿಲೆಯ ಬುದ್ಧಿಯೂ ಹಾಗೇ ಇದೆ. ಸಾಮಾನ್ಯವಾಗಿ ನೋವಿಲ್ಲ, ಉರಿಯಿಲ್ಲ. ಕಣ್ಣಿನೊಳಗಿನ ಒತ್ತಡ ನರವನ್ನು ಸದ್ದಿಲ್ಲದೆ ತಿನ್ನುತ್ತಾ ಹೋಗುತ್ತದೆ, ಅಂಚಿನ ನೋಟ ಮೊದಲು ಹೋಗುತ್ತದೆ, ಹೋಗಿದ್ದು ವಾಪಸ್ ಬರಲ್ಲ. ಡ್ರಾಪ್ಸ್ ಹಾಕಿದರೆ ಇದ್ದದ್ದು ಉಳಿಯುತ್ತದೆ ಅಷ್ಟೇ, ಹೊಸದಾಗಿ ಏನೂ ಕಾಣಲ್ಲ. ಯಾವ ಸುಖವೂ ಕಾಣದ ಔಷಧಿಗೆ ಜೀವನಪೂರ್ತಿ ದುಡ್ಡು ಕೊಡಬೇಕು. ಕೈ ಬಿಗಿಯಾದ ತಿಂಗಳು ಮನೆಯಲ್ಲಿ ಮೊದಲು ಯಾವ ಖರ್ಚಿಗೆ ಕತ್ತರಿ ಬೀಳುತ್ತದೆ ಹೇಳಿ?

ಮಾತ್ರೆಯಾದರೆ ಒಂದು ಉಪಾಯ ಇದೆ. ಮೆಡಿಕಲ್ ಶಾಪಿನವರು ಕತ್ತರಿ ತಗೊಂಡು ಅರ್ಧ ಸ್ಟ್ರಿಪ್ ಕತ್ತರಿಸಿ ಕೊಡ್ತಾರೆ, ಸಂಬಳ ಆದ ಮೇಲೆ ಉಳಿದರ್ಧ. ಡ್ರಾಪ್ಸ್ ಬಾಟಲಿ ಕತ್ತರಿಸೋಕಾಗಲ್ಲ. ಲಟಾನೊಪ್ರೊಸ್ಟ್ ಅನ್ನೋ ಗ್ಲಾಕೋಮಾ ಡ್ರಾಪ್ಸ್ ಬಾಟಲಿ ಅಂದರೆ 2.5 ಎಂಎಲ್, ಕಿರುಬೆರಳಿಗಿಂತ ಗಿಡ್ಡ, ತೆರೆಯೋ ತನಕ ಅದನ್ನು ಸಾಮಾನ್ಯವಾಗಿ ಫ್ರಿಜ್ಜಿನ ಬಾಗಿಲಲ್ಲಿ ಕರಿಬೇವು, ಶುಂಠಿ ಪೇಸ್ಟ್ ಮಧ್ಯೆ ಕಾಪಾಡಬೇಕು. ತೆರೆದ ಮೇಲೆ ನಾಲ್ಕು ವಾರವೋ ಆರು ವಾರವೋ, ಆಮೇಲೆ ಒಳಗೆ ಉಳಿದಿದ್ದರೂ ಎಸೆಯಬೇಕು.

ಇನ್ನು ಆ ಹನಿ. ಬಾಟಲಿಯ ಮೂತಿಯಿಂದ ಬೀಳೋ ಒಂದು ಹನಿ ಸುಮಾರು 25ರಿಂದ 70 ಮೈಕ್ರೋಲೀಟರ್. ಕೆಳರೆಪ್ಪೆ ಎಳೆದು ಹಿಡಿದಾಗ ಅಲ್ಲೊಂದು ಪುಟ್ಟ ಜೇಬಾಗುತ್ತದಲ್ಲ, ಅದು ಹಿಡಿಯೋದು ಹೆಚ್ಚೆಂದರೆ 30. ರೆಪ್ಪೆ ಬಡಿದರೆ ಅದರಲ್ಲೂ ಹೆಚ್ಚಿನ ಪಾಲು ಹೊರಗೆ. ಹೀಗೆ ಚೆಲ್ಲಿದ್ದು ಕೆನ್ನೆ ಮೇಲೆ ಇಳಿದು ಕಿವಿ ಪಕ್ಕಕ್ಕೆ ಹೋಗಿ ದಿಂಬು ಸೇರುತ್ತದೆ. ನಮ್ಮ ಮನೆಯಲ್ಲಿ ಕೈ ನಡುಗೋ ಹಿರಿಯರೊಬ್ಬರು ಹಾಕಿಕೊಳ್ಳೋದನ್ನು ನೋಡಿದ್ದೇನೆ. ಮೊದಲನೇದು ಹುಬ್ಬಿಗೆ, ಎರಡನೇದು ಮೂಗಿಗೆ, ಮೂರನೇದು ಹೇಗೋ ಕಣ್ಣಿಗೆ. ಎಲ್ಲದಕ್ಕೂ ರೇಟು ಒಂದೇ. 2025ರ ಸೆಪ್ಟೆಂಬರ್‌ನಲ್ಲಿ ಔಷಧಿ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು, ಸಂತೋಷ. ಆದರೆ ದಿಂಬಿಗೆ ಹೋದ ಹನಿಗೂ ಶೇ. 5 ಕಟ್ಟಿದ್ದೇವೆ, ಅದರ ಇನ್‌ಪುಟ್ ಕ್ರೆಡಿಟ್ ಯಾರನ್ನು ಕೇಳೋದು?

ಅಮೆರಿಕದ ರೋಗಿಗಳು ಇದನ್ನು ಕೋರ್ಟಿಗೇ ತಗೊಂಡು ಹೋಗಿದ್ದರು. ಹನಿ ಬೇಕಂತಲೇ ದೊಡ್ಡದು, ಚೆಲ್ಲಿದ ಔಷಧಿಗೂ ನಮ್ಮಿಂದ ದುಡ್ಡು ಕೀಳ್ತಿದ್ದಾರೆ ಅಂತ ಕಂಪನಿಗಳ ಮೇಲೆ ದಾವೆ. 2017ರಲ್ಲಿ ಷಿಕಾಗೋದ ಫೆಡರಲ್ ಮೇಲ್ಮನವಿ ಕೋರ್ಟು ಅದನ್ನು ತಳ್ಳಿಹಾಕಿತು. ನೀವು ಬಯಸಿದ ಸರಕನ್ನು ನೀವು ಬಯಸಿದ ಬೆಲೆಗೆ ಮಾರದೇ ಇರೋದು ಅನ್ಯಾಯ ಅಲ್ಲ, ಬರೀ ನಿಮ್ಮ ಬೇಸರ ಅನ್ನೋದು ತೀರ್ಪಿನ ಸಾರ. ಬೇಸರಕ್ಕೆ ಡ್ರಾಪ್ಸ್ ಇನ್ನೂ ಬಂದಿಲ್ಲ.

ನಮ್ಮಲ್ಲಿ ಕೋರ್ಟಿನ ತನಕ ಹೋಗೋದೇ ಬೇಡ, ಬೆಲೆ ಏರಿಸೋ ಕಾನೂನೇ ಬಲು ಸೊಗಸು. ಪೈಲೋಕಾರ್ಪಿನ್ ಅಂತ ಒಂದು ಔಷಧಿ ಇದೆ. ಗ್ಲಾಕೋಮಾಕ್ಕೆ 1870ರ ದಶಕದಿಂದ ಬಳಸುತ್ತಿರೋ ಮುದುಕ. 2024ರ ಸೆಪ್ಟೆಂಬರ್‌ನಲ್ಲಿ ಈ ಮುದುಕನಿಗೆ ಮದುಮಗನ ವೇಷ ಹಾಕಿದರು. ಶೇ. 1.25ರ ಪೈಲೋಕಾರ್ಪಿನ್, ಹೆಸರು ಪ್ರೆಸ್‌ವ್ಯೂ, ಬೆಲೆ ಸುಮಾರು 350 ರೂಪಾಯಿ, ಹಾಕಿಕೊಂಡರೆ ನಲವತ್ತು ದಾಟಿದವರು ಓದುವ ಕನ್ನಡಕ ತೆಗೆದಿಡಬಹುದು ಅಂತ ಟಿವಿಯಲ್ಲೆಲ್ಲ ಗಲಾಟೆ. ಪ್ರಚಾರ ಅತಿಯಾಯಿತು ಅಂತ ಔಷಧ ಮಹಾನಿಯಂತ್ರಕರು ಕೆಲವೇ ದಿನದಲ್ಲಿ ಅನುಮತಿ ಅಮಾನತು ಮಾಡಿದರು. ಮರುತಿಂಗಳೇ, ಅಕ್ಟೋಬರ್‌ನಲ್ಲಿ, ಬೆಲೆ ನಿಯಂತ್ರಣ ಪ್ರಾಧಿಕಾರ ಎಂಟು ಔಷಧಿಗಳ ಗರಿಷ್ಠ ಬೆಲೆಯನ್ನು ಶೇ. 50 ಏರಿಸಿತು. ಅದರಲ್ಲಿ ಗ್ಲಾಕೋಮಾ ರೋಗಿಗಳ ಶೇ. 2ರ ಪೈಲೋಕಾರ್ಪಿನ್ ಕೂಡ ಇತ್ತು. ಕನ್ನಡಕ ಬೇಡ ಅನ್ನೋರಿಗೆ ತಡೆ, ಕಣ್ಣು ಬೇಕು ಅನ್ನೋರಿಗೆ ಒಂದೂವರೆ ಪಟ್ಟು.

ಏರಿಸಿದ್ದು ಯಾವ ನಿಯಮದಡಿ ಗೊತ್ತಾ? 2013ರ ಬೆಲೆ ನಿಯಂತ್ರಣ ಆದೇಶದ 19ನೇ ಪ್ಯಾರಾ. ಅಸಾಧಾರಣ ಸಂದರ್ಭದಲ್ಲಿ, ಸಾರ್ವಜನಿಕ ಹಿತಾಸಕ್ತಿಗಾಗಿ. ಅಗ್ಗದ ಔಷಧಿ ತಯಾರಿಸೋದು ಗಿಟ್ಟಲ್ಲ, ನಿಲ್ಲಿಸಿಬಿಡ್ತೀವಿ ಅಂತ ಕಂಪನಿಗಳು ಹೇಳಿದವು, ನಿಂತೇ ಹೋದರೆ ರೋಗಿಗೆ ಇನ್ನೂ ಕಷ್ಟ, ಒಪ್ಪೋಣ. ಆದರೆ ಸರ್ಕಾರ ಗರಿಷ್ಠ ಬೆಲೆ ಕಟ್ಟೋ ಔಷಧಿಗಳ ಪಟ್ಟಿಯಲ್ಲಿ ಇಲ್ಲದ ಔಷಧಿಗೆ ಇಷ್ಟು ತಾಪತ್ರಯವೂ ಇಲ್ಲ. ಕಂಪನಿಯವರು ಯಾರನ್ನೂ ಕೇಳದೆ ವರ್ಷಕ್ಕೆ ಶೇ. 10ರ ತನಕ ಏರಿಸಿಕೊಳ್ಳಬಹುದು. ಅದು ಯಾರ ಹಿತಾಸಕ್ತಿ ಅಂತ ಕಾನೂನು ಹೇಳಲ್ಲ, ನಾವೂ ಕೇಳಲ್ಲ.

ಹಾಗಾದರೆ ಜನೌಷಧಿಗೆ ಹೋಗಿ ಅಂತೀರಿ. ಹೋಗೋಣ. 2025ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರ, ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರೋ ಜನೌಷಧಿ ಕೇಂದ್ರಗಳನ್ನು ಮುಚ್ಚಿ ಅಂತ ಆದೇಶ ಮಾಡಿತು. ಒಳಗೇ ಎಲ್ಲ ಔಷಧಿ ಉಚಿತವಾಗಿ ಕೊಡುವಾಗ ಹೊರಗೆ ಅಗ್ಗದ ಅಂಗಡಿ ಯಾಕೆ ಅನ್ನೋದು ವಾದ. ಜುಲೈನಲ್ಲಿ ಹೈಕೋರ್ಟಿನ ಧಾರವಾಡ ಪೀಠ ತಡೆ ಕೊಟ್ಟಿತು. ಕೇಂದ್ರದ್ದೋ ರಾಜ್ಯದ್ದೋ, ಬೋರ್ಡಿನಲ್ಲಿ ಯಾರ ಫೋಟೋ ಇರಬೇಕೋ ಅವರು ತೀರ್ಮಾನ ಮಾಡಿಕೊಳ್ಳಲಿ. ವಾದವೇನೋ ಚೆನ್ನಾಗಿದೆ, ಉಚಿತ ಅಂದರೆ ಉಚಿತ. ಚೀಟಿ ಹಿಡಿದು ಒಳಗಿನ ಕೌಂಟರಿನ ಕ್ಯೂನಲ್ಲಿ ನಿಂತು ನಿಮ್ಮ ಸರದಿ ಬಂದಾಗ ಕಿಂಡಿಯಿಂದ ಬರೋ ಉತ್ತರ ಎಲ್ಲರಿಗೂ ಬಾಯಿಪಾಠ: “ಸ್ಟಾಕ್ ಇಲ್ಲಮ್ಮ, ಹೊರಗೆ ತಗೊಳ್ಳಿ.”

ಹೊರಗೆ ಅಂದರೆ ಗೇಟಿನ ಎದುರಿನ ಮೆಡಿಕಲ್ ಶಾಪ್. ಅಲ್ಲಿ ಸ್ಟಾಕ್ ಯಾವಾಗಲೂ ಇರುತ್ತದೆ.