ಜೇಬಿನ ಕೆಳಗಿನ ಗಿಳಿ

ನನ್ನ ಹತ್ತಿರ ಒಂದು ಹೂವಿನ ಅಂಗಿ ಇದೆ. ಕಡುನೀಲಿ ಬಟ್ಟೆ, ಅದರ ಮೇಲೆ ಅಂಗೈಯಗಲದ ಕೆಂಪು ದಾಸವಾಳ, ನಡುನಡುವೆ ಹಸಿರು ಗಿಳಿ. ನಾಲ್ಕು ವರ್ಷದ ಹಿಂದೆ ಮೊದಲ ಸಲ ತೊಟ್ಟುಕೊಂಡು ಹೊರಟಾಗ ಹೆಂಡತಿ ಮೇಲಿಂದ ಕೆಳಗೆ ನೋಡಿ, "ಕಿಟಕಿ ಪರದೆ ಹೊಲಿಸಿ ಮಿಕ್ಕಿದ್ದಾ?" ಎಂದಳು. ಅದಕ್ಕೆ ನನಗೇನೂ ಬೇಜಾರಾಗಲಿಲ್ಲ. ಬೇಜಾರಾದದ್ದು ಕನ್ನಡಿ ಮುಂದೆ. ಎದೆಯ ಮೇಲೆ ಕೂತಿದ್ದ ಗಿಳಿಗೆ ತಲೆಯೇ ಇರಲಿಲ್ಲ. ಬಾಲ, ರೆಕ್ಕೆ, ಕಾಲು ಎಲ್ಲ ಇದ್ದವು. ಕುತ್ತಿಗೆಯ ಹತ್ತಿರ ಜೇಬು ಶುರುವಾಗಿ, ತಲೆ ಇರಬೇಕಾದ ಕಡೆ ಅರ್ಧ ದಾಸವಾಳ ಬಂದು ಕೂತಿತ್ತು.

ಹವಾಯಿಯ ಹಳೇ ಕಾಲದ ಒಳ್ಳೆಯ ಟೈಲರ್ ಕೈಗೆ ಈ ಬಟ್ಟೆ ಸಿಕ್ಕಿದ್ದರೆ ಗಿಳಿಗೆ ಈ ಗತಿ ಬರುತ್ತಿರಲಿಲ್ಲ. ಇಂಥ ಹೂವಿನ ಅಂಗಿಗೆ ಅಲ್ಲಿ ಅಲೋಹಾ ಶರ್ಟ್ ಅನ್ನುತ್ತಾರೆ. ಅಲೋಹಾ ಅಂದರೆ ಅಲ್ಲಿಯವರ ನಮಸ್ಕಾರ. ಹಳೇ ಅಲೋಹಾ ಶರ್ಟಿನ ಹುಚ್ಚು ಹಿಡಿದವರು ಅಂಗಿ ಸಿಕ್ಕಿದರೆ ಜೇಬನ್ನು ಹುಡುಕುತ್ತಾರೆ. ಹೌದು, ಹುಡುಕಬೇಕು. ಎದೆಯ ಚಿತ್ತಾರ ಎಲ್ಲಿ ನಿಂತಿತೋ ಅಲ್ಲಿಂದಲೇ ಜೇಬಿನ ಚಿತ್ತಾರ ಮುಂದುವರಿಯುವ ಹಾಗೆ ಕತ್ತರಿಸಿ ಕೂರಿಸಿರುತ್ತಾರೆ. ಸುಮ್ನೆ ನೋಡಿದರೆ ಜೇಬು ಇರುವುದೇ ಗೊತ್ತಾಗುವುದಿಲ್ಲ. ಆಮೇಲೆ ಗುಂಡಿ ನೋಡುತ್ತಾರೆ, ತೆಂಗಿನ ಚಿಪ್ಪಿನದೋ ಬಿದಿರಿನದೋ ಅಂತ. ಆಮೇಲೆ ಕೊರಳಪಟ್ಟಿಯೊಳಗಿನ ಚೀಟಿ. ಮೂವತ್ತು, ನಲವತ್ತು, ಐವತ್ತರ ದಶಕದ ರೇಯಾನ್ ಅಂಗಿಯಾಗಿದ್ದರೆ ಸಾವಿರಾರು ಡಾಲರ್ ಕೊಡುವವರೂ ಇದ್ದಾರೆ. ರೇಷ್ಮೆಯಂತೆ ಜಾರುವುದರಿಂದ ಅವುಗಳ ಅಡ್ಡಹೆಸರು 'ಸಿಲ್ಕಿ'. ಅಸಲಿಗೆ ರೇಯಾನ್ ಅಂದರೆ ಮರದ ತಿರುಳು. ಅದೇ ಜಾತಿಯ ನಾರನ್ನು ನಮ್ಮ ಹರಿಹರದ ಪಕ್ಕದ ಕುಮಾರಪಟ್ಟಣದಲ್ಲೂ ತೆಗೆಯುತ್ತಾರೆ. ಆದರೆ ನಮಗೆ ಹರಿಹರ ಅಂದರೆ ತುಂಗಭದ್ರೆ, ಹರಿಹರೇಶ್ವರ. ಹೂವಿನ ಅಂಗಿ ಯಾರಿಗೆ ನೆನಪಾಗುತ್ತದೆ!

ಈ ಅಂಗಿಯನ್ನು ಮೊದಲು ಹೊಲಿದವರು ಯಾರು ಅಂತ ಕೇಳಿದರೆ ಮಾತ್ರ ಜಗಳ ಶುರು. ಹವಾಯಿಯ ರಾಜಧಾನಿ ಹೊನೊಲುಲುವಿನಲ್ಲಿ ಮುಸಾ-ಶಿಯಾ ಅನ್ನುವ ಜಪಾನೀ ಅಂಗಡಿ ಇತ್ತು. ಕೋಯಿಚಿರೋ ಮಿಯಾಮೊಟೊ ಯಜಮಾನ. ಹಾಲಿವುಡ್ ನಟ ಜಾನ್ ಬ್ಯಾರಿಮೋರ್ ಬಂದು ಕಿಮೋನೋ ಬಟ್ಟೆಯಲ್ಲಿ ತನಗೊಂದು ಅಂಗಿ ಹೊಲಿದುಕೊಡಿ ಎಂದನಂತೆ, ಎಲ್ಲ ಶುರುವಾದದ್ದು ಅಲ್ಲಿಂದಲೇ ಅಂತೆ. ಇದು ಯಜಮಾನನ ಹೆಂಡತಿ ಹೇಳುತ್ತಿದ್ದ ಕತೆ. ಕತೆ ಹೇಗೇ ಇರಲಿ, 1935ರ ಜೂನ್ ತಿಂಗಳಲ್ಲಿ ಈ ಅಂಗಡಿ ಪೇಪರಿನಲ್ಲಿ ಹಾಕಿದ ಜಾಹೀರಾತಿನಲ್ಲಿ 'ಅಲೋಹಾ ಶರ್ಟ್' ಅನ್ನುವ ಹೆಸರಿದೆ. ಬೆಲೆ 95 ಸೆಂಟಿನಿಂದ ಶುರು.

ಆದರೆ ಹೆಸರನ್ನು ರಿಜಿಸ್ಟರ್ ಮಾಡಿಸಿಕೊಂಡವನು ಬೇರೆಯವನು. ಎಲೆರಿ ಚುನ್, ಚೀನೀ ಮನೆತನದ ಹುಡುಗ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ 1931ರಲ್ಲಿ ಪದವಿ ಪಡೆದ. ಊರಿಗೆ ಬಂದು ನೋಡಿದರೆ ಜಗತ್ತಿನ ವ್ಯಾಪಾರವೆಲ್ಲ ಕುಸಿದು ಕೂತಿತ್ತು. ಮನೆಯ ಬಟ್ಟೆ ಅಂಗಡಿಯಲ್ಲೇ ಕೂತ. ಹವಾಯಿಯದೇ ಅನ್ನುವಂಥ ಬಟ್ಟೆ ಸಿಗಲಿಲ್ಲ ಅಂತ, ಕಣ್ಣು ಕುಕ್ಕುವಂಥ ಕಿಮೋನೋ ಬಟ್ಟೆ ಕೊಂಡು ಕೆಲವು ಡಜನ್ ಅರೆತೋಳಿನ ಅಂಗಿ ಹೊಲಿಸಿ ಕಿಟಕಿಯಲ್ಲಿ ನೇತುಹಾಕಿದ. ಚಿತ್ತಾರ ಬಿಡಿಸಿಕೊಡಲು ಅಕ್ಕತಂಗಿಯರಲ್ಲಿ ಒಬ್ಬಳಾದ ಎಥೆಲ್ ಇದ್ದಳು. 1937ರಲ್ಲಿ 'ಅಲೋಹಾ ಶರ್ಟ್' ಅವನ ಟ್ರೇಡ್‌ಮಾರ್ಕ್ ಆಯಿತು. ಜಪಾನೀ ಬಟ್ಟೆ, ಚೀನೀ ಅಂಗಡಿ, ಹವಾಯಿ ಹೆಸರು. ಕೊಳ್ಳುವವನು ಹಡಗು ಇಳಿದು ಬಂದ ಅಮೆರಿಕದವನು. ಆ ಮೊದಲ ಅಂಗಿಗಳ ಮೇಲೆ ಇದ್ದದ್ದು ಫ್ಯೂಜಿ ಬೆಟ್ಟ, ಕೊಕ್ಕರೆ, ಬಿದಿರು. ಹವಾಯಿಯ ಗುರುತೇ ಇಲ್ಲ!

ಹವಾಯಿಯ ಹೂವು ಅಂಗಿ ಮೇಲೆ ಬಂದದ್ದು ಹೇಗೆ ಅಂತ ಹುಡುಕಿದರೆ ನಮ್ಮ ಕಡೆಯವರೊಬ್ಬರು ಸಿಗುತ್ತಾರೆ. ಗೋಬಿಂದರಾಮ್ ವಾಟುಮಲ್, ಸಿಂಧ್‌ನ ಹೈದರಾಬಾದಿನವರು. ಅಣ್ಣ ಹೊನೊಲುಲುವಿನಲ್ಲಿ ಇಟ್ಟಿದ್ದ ಅಂಗಡಿಯನ್ನು ನೋಡಿಕೊಳ್ಳಲು 1917ರಲ್ಲಿ ಹೋದರು. ಸಿಂಧಿಗಳು ಹೋಗಿ ಬಟ್ಟೆ ಅಂಗಡಿ ಇಡದ ಬಂದರು ಲೋಕದಲ್ಲಿ ಇದೆಯಾ ಅಂತ ನನಗೆ ಅನುಮಾನ. 1936ರಲ್ಲಿ ಅವರು ನಾದಿನಿ ಎಲ್ಸಿ ಹತ್ತಿರ ದ್ವೀಪದ ಹೂವುಗಳ ಚಿತ್ತಾರ ಬರೆಸಿದರು. ಅದನ್ನು ಜಪಾನಿಗೆ ಕಳಿಸಿ ರೇಷ್ಮೆ ಮೇಲೆ ಅಚ್ಚು ಹಾಕಿಸಿದರು. ಫ್ಯೂಜಿ ಬೆಟ್ಟ ಹಿಂದೆ ಸರಿದು ದಾಸವಾಳ, ಶುಂಠಿ ಹೂವು ಮುಂದೆ ಬಂದವು. ಆಮೇಲಾಮೇಲೆ ಜೀಗುಜ್ಜೆ ಎಲೆ ಕೂಡ. ಮಂಗಳೂರಿನವರಿಗೆ ಅದರ ಪೋಡಿ ಗೊತ್ತು, ಎಲೆಯ ಚಂದ ಅಷ್ಟಾಗಿ ಕಣ್ಣಿಗೆ ಬಿದ್ದಿಲ್ಲ ಅನ್ನಿಸುತ್ತದೆ.

ಇಡೀ ದ್ವೀಪಕ್ಕೆ ಹೂವಿನ ಅಂಗಿ ಮಾರಿದ ಈ ಮನುಷ್ಯನಿಗೆ ಅಮೆರಿಕ ಪೌರತ್ವ ಕೊಟ್ಟಿರಲಿಲ್ಲ. ಭಾರತದವರಿಗೆ ಆಗ ಕೊಡುತ್ತಿರಲಿಲ್ಲ. ಅಷ್ಟೇ ಅಲ್ಲ, ಅಮೆರಿಕದಲ್ಲೇ ಹುಟ್ಟಿದ ಹೆಂಡತಿ ಎಲೆನ್ ಇವರನ್ನು ಮದುವೆಯಾದ ತಪ್ಪಿಗೆ ತನ್ನ ಪೌರತ್ವವನ್ನೂ ಕಳೆದುಕೊಂಡಳು. ಆಕೆಗೆ ಅದು ವಾಪಸ್ ಸಿಕ್ಕಿತು 1931ರಲ್ಲಿ. ಅವರಿಗೆ ಸಿಕ್ಕಿದ್ದು 1946ರಲ್ಲಿ. ಅಷ್ಟೂ ವರ್ಷ ಗಲ್ಲಾ ಮುಂದೆ ಕೂತು ಬಂದವರಿಗೆಲ್ಲ 'ಅಲೋಹಾ' ಅನ್ನುತ್ತಿದ್ದರೋ ಏನೋ.

ಯುದ್ಧ ಮುಗಿದ ಮೇಲೆ ಬಂದವನು ಆಲ್ಫ್ರೆಡ್ ಶಹೀನ್. ಲೆಬನಾನ್ ಮೂಲದವನು. 1948ರಲ್ಲಿ ಕಂಪನಿ ಶುರು ಮಾಡಿದ. ಹೊರಗಿನಿಂದ ಬರುವ ಬಟ್ಟೆಗೆ ಕಾಯುವ ಕಾಟ ಬೇಡ ಅಂತ ಅಚ್ಚು ಹಾಕುವ ಕಾರ್ಖಾನೆಯನ್ನೂ ತಾನೇ ಕಟ್ಟಿದ. ಕಲಾವಿದರನ್ನು ಕೆಲಸಕ್ಕೆ ಇಟ್ಟುಕೊಂಡು, ಹಳೇ ಮರದ ತೊಗಟೆ ಬಟ್ಟೆಯ ಚಿತ್ತಾರವನ್ನೆಲ್ಲ ಕೆದಕಿ ಬರೆಸಿದ. 1961ರಲ್ಲಿ ಎಲ್ವಿಸ್ ಪ್ರೀಸ್ಲಿ ತನ್ನ ರೆಕಾರ್ಡಿನ ಹೊದಿಕೆಗೆ ತೊಟ್ಟ ಕೆಂಪು ಅಂಗಿ ಇವನ ಕಾರ್ಖಾನೆಯದೇ.

ಪ್ರವಾಸಿಗಳೇನೋ ಕೊಂಡರು. ಊರಿನವರು ಆಫೀಸಿಗೆ ತೊಡಬೇಕಲ್ಲ? 1962ರಲ್ಲಿ ಅಲ್ಲಿನ ಬಟ್ಟೆ ತಯಾರಕರ ಸಂಘ ಶಾಸಕರಿಗೆಲ್ಲ ತಲಾ ಎರಡು ಅಂಗಿ ಹಂಚಿತು. ಬೇಸಿಗೆಯಲ್ಲಿ ಹೂವಿನ ಅಂಗಿ ತೊಡಬಹುದು ಅಂತ ಸೆನೆಟ್ ನಿರ್ಣಯ ಮಾಡಿತು. ನಮ್ಮಲ್ಲಾಗಿದ್ದರೆ ಇದಕ್ಕೆ ಬೇರೆ ಹೆಸರಿರುತ್ತಿತ್ತು. 1966ರಿಂದ ಪ್ರತಿ ಶುಕ್ರವಾರ 'ಅಲೋಹಾ ಫ್ರೈಡೇ'. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರು ಶುಕ್ರವಾರ ಟೀ ಶರ್ಟ್ ಹಾಕಿ ಬರುವುದರ ಬೇರು ಅಲ್ಲಿದೆ. ಅದೇ ದಶಕದಲ್ಲಿ ರೇನ್ ಸ್ಪೂನರ್ ಕಂಪನಿಯವರು ಬಟ್ಟೆಯನ್ನು ಒಳಗು ಹೊರಗು ಮಾಡಿ ಹೊಲಿದರು. ಬಣ್ಣದ ಮಗ್ಗುಲು ಮೈಗೆ, ಮಸುಕು ಮಗ್ಗುಲು ಲೋಕಕ್ಕೆ. ಹೂವು ಮೆಲ್ಲಗೆ ಮಾತಾಡಿದರೆ ಬ್ಯಾಂಕಿನವರೂ ತೊಡುತ್ತಾರೆ. ನನ್ನ ಹೆಂಡತಿ ಇದನ್ನು ಒಪ್ಪುತ್ತಾಳೆ. ನನಗೆ ಮಾತ್ರ ಅದು ತೇರು ಕಟ್ಟಿ ಮೇಲೆ ಗೋಣಿ ಹೊದಿಸಿದ ಹಾಗೆ ಕಾಣುತ್ತದೆ.

ಮೊನ್ನೆ ನನ್ನ ಗಿಳಿಯನ್ನು ನಮ್ಮ ಬೀದಿಯ ಟೈಲರ್ ಹತ್ತಿರ ತೆಗೆದುಕೊಂಡು ಹೋದೆ. ಜೇಬು ಬಿಚ್ಚಿ, ಚಿತ್ತಾರ ಹೊಂದಿಸಿ ಮತ್ತೆ ಕೂರಿಸಬಹುದಾ ಅಂತ ಕೇಳಿದೆ. ಅವರು ಕನ್ನಡಕ ಹಣೆಗೆ ಏರಿಸಿ ನೋಡಿದರು.

"ಆಗುತ್ತೆ. ಆದ್ರೆ ಇದೇ ಬಟ್ಟೆ ಬೇಕಲ್ಲ ಸಾರ್. ಹೂವಿಗೆ ಹೂವು ಕೂಡಿಸಬೇಕು ಅಂದ್ರೆ ಒಂದು ಜೇಬಿಗೆ ಅರ್ಧ ಮೀಟರ್ ಹಾಳಾಗುತ್ತೆ. ಅದಕ್ಕೇ ಯಾರೂ ಮಾಡಲ್ಲ."

ಬಟ್ಟೆ ಎಲ್ಲಿಂದ ತರಲಿ? ಅಂಗಿ ಮಡಚಿಕೊಂಡು ಹೊರಟೆ. ಅವರೇ ಕರೆದರು.

"ಜೇಬು ತೆಗೆದೇ ಬಿಡೋಣ್ವಾ? ತಲೆ ಎಲ್ಲೂ ಹೋಗಿರಲ್ಲ. ಕೆಳಗೇ ಇರುತ್ತೆ."

ಹೌದಲ್ವಾ! ನಾಲ್ಕು ವರ್ಷ ನನಗಿದು ಹೊಳೆದಿರಲಿಲ್ಲ. ಅವರು ಬ್ಲೇಡ್ ತೆಗೆದು ಹೊಲಿಗೆ ಬಿಚ್ಚಿದರು. ಜೇಬು ಬಂತು, ಕೆಳಗೆ ಗಿಳಿಯ ತಲೆ. ಬಿಸಿಲು ನೋಡದ ತಲೆ. ಮೈಯೆಲ್ಲ ಒಗೆದು ಒಗೆದು ಪಾಚಿ ಬಣ್ಣಕ್ಕೆ ತಿರುಗಿದೆ, ತಲೆ ಮಾತ್ರ ಈಗಷ್ಟೇ ಅಂಗಡಿಯಿಂದ ಬಂದಂತೆ ಪಚ್ಚೆ ಹಸಿರು. ಪೆನ್ನನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಅದನ್ನೇ ತೊಟ್ಟು ಮನೆಗೆ ಬಂದೆ.