ಅಕ್ಕನ ‘ಗಾಲ್ ಬ್ಲ್ಯಾಡರ್’ ಆಪರೇಷನ್

ಮೂರು ವರ್ಷದ ಹಿಂದೆ ನಮ್ಮಕ್ಕನಿಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಗಾಲ್ ಬ್ಲ್ಯಾಡರ್‌ನಲ್ಲಿ ಕಲ್ಲಿತ್ತು ಅಂತ ತಿಪಟೂರಿನ ನೆಂಟರಿಗೆಲ್ಲ ಹೇಳಿದೆವು. ಆಗಿದ್ದು ಗ್ಯಾಸ್ಟ್ರಿಕ್ ಬೈಪಾಸ್, ತೂಕ ಮತ್ತು ಶುಗರ್ ಇಳಿಸೋಕೆ ಜಠರಕ್ಕೆ ಮಾಡುವ ಆಪರೇಷನ್. “ಬಾಯಿ ಕಟ್ಟೋಕಾಗದೆ ಹೊಟ್ಟೆ ಕೊಯ್ಸಿಕೊಂಡು ಬಂದ್ಲು” ಅನ್ನೋ ಮಾತು ಕೇಳೋಕೆ ಯಾರಿಗೂ ಇಷ್ಟವಿರಲಿಲ್ಲ.

ಬಾಯಿ ಕಟ್ಟಿರಲಿಲ್ಲವೇ? ಹನ್ನೊಂದು ವರ್ಷದ ಶುಗರ್ ಅವಳದು. ಹಾಗಲಕಾಯಿ ರಸ, ಮೆಂತ್ಯದ ನೀರು, ಬೆಳಗ್ಗೆ ಐದೂವರೆಗೆ ವಾಕಿಂಗ್, ಎಲ್ಲ ಆಗಿತ್ತು. ಒಂದು ಮಾತ್ರೆ ಮೂರಾಯಿತು, ಆಮೇಲೆ ಇನ್ಸುಲಿನ್ ಬಂತು. ಇನ್ಸುಲಿನ್ ಶುರುವಾದ ಮೇಲೆ ತೂಕ ಇನ್ನೂ ಏರಿತು. ಅದು ಎಷ್ಟೋ ಜನಕ್ಕೆ ಹಾಗೇ ಆಗುತ್ತದೆ, ಬೈಸಿಕೊಳ್ಳೋದು ಮಾತ್ರ ಪೇಷಂಟು.

ಆಪರೇಷನ್ ಆದ ನಾಲ್ಕನೇ ದಿನ ಇನ್ಸುಲಿನ್ ಇಲ್ಲದೆ ಮನೆಗೆ ಕಳಿಸಿದರು. ತೂಕ ಇನ್ನೂ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಶುಗರ್ ಮಾತ್ರ ಇಳಿದಿತ್ತು. ಮೆಷಿನ್ ಕೆಟ್ಟಿರಬೇಕು ಅಂತ ನಾನು ನನ್ನ ಬೆರಳಿಗೂ ಚುಚ್ಚಿ ನೋಡಿಕೊಂಡೆ! ಕೆಟ್ಟಿರಲಿಲ್ಲ.

ಮೊದಲ ದಿನಗಳಲ್ಲಿ ಬರೀ ನೀರು, ತಿಳಿಸಾರು. ಅದರಿಂದ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ಅಷ್ಟೇ ಅಲ್ಲ. ಬೈಪಾಸ್‌ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂಎಲ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ಸಣ್ಣ ಕರುಳಿನ ಮೊದಲ ಭಾಗ ಬಿಟ್ಟು ಅದರ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಊಟ ಬೇಗ ಅಲ್ಲಿಗೆ ಹೋದರೆ ಜಿಎಲ್‌ಪಿ-1 ಅನ್ನೋ, ಇನ್ಸುಲಿನ್ ಹೆಚ್ಚಿಸಿ ಶುಗರ್ ಇಳಿಸೋ ಹಾರ್ಮೋನು ಜಾಸ್ತಿ ಬರುತ್ತದೆ. ಈಗ ಎಲ್ಲರ ಬಾಯಲ್ಲಿರುವ ತೂಕ ಇಳಿಸೋ ಇಂಜೆಕ್ಷನ್‌ಗಳು ನಕಲು ಮಾಡೋದೂ ಇದನ್ನೇ. ಅದಕ್ಕೇ ಡಾಕ್ಟರುಗಳು ಇದನ್ನು ಮೆಟಬಾಲಿಕ್ ಸರ್ಜರಿ, ಅಂದರೆ ಮೈ ಸಕ್ಕರೆಯನ್ನು ಬಳಸೋ ರೀತಿಯನ್ನೇ ಸರಿಪಡಿಸೋ ಆಪರೇಷನ್, ಅನ್ನುತ್ತಾರೆ. ಫ್ಲೆಕ್ಸ್‌ಗಳಲ್ಲಿ ಮಾತ್ರ ಇನ್ನೂ ‘ಸ್ಲಿಮ್ ಆಗಿ’ ಅಂತಲೇ ಇರುತ್ತದೆ. ನಾಚಿಕೆ ಅರ್ಧ ಅಲ್ಲಿಂದಲೇ ಬಂದದ್ದು.

ಪವಾಡ ಅಂತ ನಾನು ಹೇಳುತ್ತಿಲ್ಲ. ಸ್ವೀಡನ್‌ನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲಿ, ಆಪರೇಷನ್ ಆದ ಡಯಾಬಿಟಿಸ್‌ನವರಲ್ಲಿ ಎರಡು ವರ್ಷಕ್ಕೆ ಶೇ. 72ರಷ್ಟು ಮಂದಿಗೆ ಕಾಯಿಲೆ ಹಿಂದೆ ಸರಿದಿತ್ತು. ಹತ್ತು ವರ್ಷಕ್ಕೆ ಅದು ಶೇ. 36ಕ್ಕೆ ಬಂತು. ಶುಗರ್ ಬಂದು ಕೆಲವೇ ವರ್ಷ ಆದವರಿಗೆ ಲಾಭ ಹೆಚ್ಚು. ತಡವಾದಷ್ಟೂ ಇನ್ಸುಲಿನ್ ಮಾಡುವ ಜೀವಕೋಶಗಳು ಸೋತಿರುತ್ತವೆ. ಅಕ್ಕ ಇವತ್ತಿಗೂ ಒಂದು ಮಾತ್ರೆ ನುಂಗುತ್ತಾಳೆ. ಐದನೇ ವರ್ಷಕ್ಕೇ ಮಾಡಿಸಿದ್ದರೆ ಅನ್ನಿಸುತ್ತದೆ, ಅಲ್ವಾ? ಆದರೆ ನಮ್ಮಲ್ಲಿ ಇದು ‘ಬೇರೆ ದಾರಿಯೇ ಇಲ್ಲ’ ಅಂದಾಗಿನ ಮಾತು.

ಇನ್ಶೂರೆನ್ಸ್ ಲೆಕ್ಕವೂ ಹಾಗೇ ಇದೆ. ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 27.5ರಿಂದಲೇ ಇದನ್ನು ಯೋಚಿಸಬಹುದು ಅಂತ 2022ರಲ್ಲಿ ಅಂತರರಾಷ್ಟ್ರೀಯ ಸರ್ಜನ್‌ಗಳ ಸಂಘಟನೆಗಳು ಹೇಳಿದವು. ನಮ್ಮ ಪಾಲಿಸಿಗಳಲ್ಲಿ, ಹತೋಟಿಗೆ ಬಾರದ ಡಯಾಬಿಟಿಸ್ ಇದ್ದರೂ, ಗೆರೆ 35ರಲ್ಲಿ. ಸಣ್ಣ ಕೈಕಾಲು, ದೊಡ್ಡ ಹೊಟ್ಟೆಯ ನಮ್ಮ ಮೈಕಟ್ಟಿಗೆ 35 ದಾಟೋ ಹೊತ್ತಿಗೆ ಕಿಡ್ನಿ ಕಣ್ಣು ಯಾವ ಸ್ಥಿತಿಯಲ್ಲಿರುತ್ತವೋ!

ನಮ್ಮ ಸುಳ್ಳಿಗೂ ಬೆಲೆ ತೆತ್ತೆವು. ಒಂದು ವರ್ಷದ ನಂತರ ಅಕ್ಕನಿಗೆ ಮಂಡಿನೋವು. ಊರಿನ ಡಾಕ್ಟರಿಗೆ ಬೈಪಾಸ್ ವಿಷಯ ಹೇಳಲಿಲ್ಲ, ಕಾಂಪೌಂಡರ್ ನಮ್ಮ ನೆಂಟರವನು. ಅವರು ಹತ್ತು ದಿನಕ್ಕೆ ನೋವಿನ ಮಾತ್ರೆ ಬರೆದರು. ಬೈಪಾಸ್ ಆದವರು ಅಂಥವನ್ನು ದೂರ ಇಡಬೇಕು, ಜೋಡಣೆಯ ಜಾಗದಲ್ಲಿ ಹುಣ್ಣಾಗಬಹುದು. ಆಗಿಯೇ ಆಯಿತು. ಮಲ ಕಪ್ಪಗೆ ಹೋಗಿ, ರಾತ್ರೋರಾತ್ರಿ ಕಾರಿನಲ್ಲಿ ಬೆಂಗಳೂರಿಗೆ ಓಡಿದೆವು. ಡಾಕ್ಟರ ತಪ್ಪೇನಿಲ್ಲ, ತಪ್ಪು ನಮ್ಮದೇ.

ಈಗ ಅವಳ ಊಟ ಅಂದರೆ ಒಂದೂವರೆ ಇಡ್ಲಿ, ಇಪ್ಪತ್ತು ನಿಮಿಷ. ಊಟದ ಜೊತೆ ನೀರಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವನಪೂರ್ತಿ. ಮೊದಲ ವರ್ಷ ಕೂದಲು ಬಾಚಣಿಗೆ ತುಂಬಾ ಬರುತ್ತಿತ್ತು. ಹೋಳಿಗೆ ಪೂರ್ತಿ ತಿಂದರೆ ಎದೆ ಡವಡವ, ಬೆವರು. ಇದಕ್ಕೆ ಶಾರ್ಟ್‌ಕಟ್ ಅನ್ನುವವರು ಒಂದು ವಾರ ಹೀಗೆ ಉಂಡು ನೋಡಲಿ.

ಇದನ್ನು ಹಾಕೋ ಮುಂಚೆ ಅಕ್ಕನಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, “ಹಾಕು, ತೂಕ ಎಷ್ಟಿತ್ತು ಅಂತ ಮಾತ್ರ ಬರೀಬೇಡ” ಅಂದಳು.