ಸತ್ಯಾಂಶ: ಪಿಸ್ತೂಲು ಇರುವುದನ್ನು ಪೊಲೀಸರಿಗೆ ತಾವಾಗಿಯೇ ಹೇಳಲೇಬೇಕೆ?

ಅಮೆರಿಕದಲ್ಲಿ ಪರವಾನಗಿ ಪಡೆದು ಪಿಸ್ತೂಲು ಒಯ್ಯುವವರು, ಪೊಲೀಸರು ಕಾರು ನಿಲ್ಲಿಸಿದ ಕೂಡಲೇ ಅದನ್ನು ತಿಳಿಸಬೇಕೆಂಬುದು ಇಡೀ ದೇಶದ ಕಾನೂನು ಎನ್ನುವ ವಾಟ್ಸ್‌ಆ್ಯಪ್ ಸಂದೇಶ ನಿಜವಲ್ಲ. ಈ ವಿಷಯದಲ್ಲಿ ಒಂದೊಂದು ರಾಜ್ಯದ ನಿಯಮ ಒಂದೊಂದು ಬಗೆ.

ಮಿಷಿಗನ್‌ನಲ್ಲಿ ಅಧಿಕಾರಿಗೆ ತಾವಾಗಿಯೇ, ತಕ್ಷಣವೇ ತಿಳಿಸಬೇಕು. ಮೊದಲ ಬಾರಿ ತಪ್ಪಿದರೂ 500 ಡಾಲರ್ ದಂಡ ಬೀಳುವುದಲ್ಲದೆ ಪರವಾನಗಿ ಆರು ತಿಂಗಳು ಅಮಾನತಾಗುತ್ತದೆ. ಟೆಕ್ಸಸ್‌ನಲ್ಲಿ ಅಧಿಕಾರಿ ಗುರುತಿನ ಚೀಟಿ ಕೇಳಿದಾಗ ಅದರ ಜೊತೆಗೆ ಪಿಸ್ತೂಲಿನ ಪರವಾನಗಿಯನ್ನೂ ತೋರಿಸಬೇಕು. ಒಹಾಯೊದಲ್ಲಿ ಮೊದಲು ತಾವಾಗಿಯೇ ಹೇಳಬೇಕಿತ್ತು, ಆದರೆ 2022ರ ಜೂನ್‌ನಿಂದ ಅಧಿಕಾರಿ ಕೇಳಿದರೆ ಮಾತ್ರ ಹೇಳಬೇಕು. ಹಾಗಾಗಿ ರಾಜ್ಯದ ಗಡಿ ದಾಟುವ ಮೊದಲು ಅಲ್ಲಿನ ನಿಯಮವನ್ನೂ, ತಮ್ಮ ಪರವಾನಗಿಗೆ ಅಲ್ಲಿ ಮಾನ್ಯತೆ ಇದೆಯೇ ಎಂಬುದನ್ನೂ ನೋಡಿಕೊಳ್ಳುವುದು ಅಗತ್ಯ.

ಕಾನೂನು ಏನೇ ಇರಲಿ, ಎರಡೂ ಕೈಗಳನ್ನು ಸ್ಟೀರಿಂಗ್ ಮೇಲೆ ಕಾಣುವಂತೆ ಇಟ್ಟುಕೊಂಡು, ದಾಖಲೆ ಎಲ್ಲಿದೆಯೆಂದು ಮೊದಲು ಬಾಯಲ್ಲಿ ಹೇಳಿ, ಅಧಿಕಾರಿ ಒಪ್ಪಿದ ಮೇಲಷ್ಟೇ ಕೈ ಚಾಚುವುದು ಇಬ್ಬರಿಗೂ ಕ್ಷೇಮ. ಪಿಸ್ತೂಲನ್ನು ತೋರಿಸಲು ಹೋಗಲೇಬಾರದು.

ನಮ್ಮವರು ಗಮನಿಸಲೇಬೇಕಾದ ಇನ್ನೊಂದು ಅಂಶವಿದೆ: ಎಚ್-1ಬಿಯಂತಹ ತಾತ್ಕಾಲಿಕ ವೀಸಾದಲ್ಲಿರುವವರು, ಬೇಟೆಯ ಪರವಾನಗಿಯಂತಹ ಕೆಲವೇ ವಿನಾಯಿತಿಗಳ ಹೊರತು, ಬಂದೂಕು ಹೊಂದುವುದನ್ನೇ ಅಲ್ಲಿನ ಒಕ್ಕೂಟ ಕಾನೂನು ನಿಷೇಧಿಸುತ್ತದೆ.